ಬೇಗ ಬಂದ ಪೆಟ್ಟಿಗೆ

ನಮ್ಮ ಭಾವನವರನ್ನು ಕಂಡರೆ ಊರಿನ ಅರ್ಧ ಜನ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಅವರೇನು ಜಗಳಗಂಟರಲ್ಲ, ಇರುವೆ ಕಚ್ಚಿದರೂ 'ಪಾಪ, ಅದಕ್ಕೇನು ಹಸಿವೋ' ಎನ್ನುವ ಮನುಷ್ಯ. ಜನರಿಗೆ ಹೆದರಿಕೆ ಇದ್ದದ್ದು ಅವರ ಕಣ್ಣಿನದು. ಎದುರಿಗೆ ಯಾರೇ ಬರಲಿ, ಆ ಕಣ್ಣು ತಲೆಯಿಂದ ಹೊರಟು, ಹೆಗಲ ಹತ್ತಿರ ಒಂದಿಷ್ಟು ತಂಗಿ, ಪಾದದವರೆಗೆ ಹೋಗಿ ನಿಲ್ಲುತ್ತದೆ. ಶವಪೆಟ್ಟಿಗೆ ಮಾಡುವವರ ಕಣ್ಣು ಹಾಗೆ ಮೇಲಿಂದ ಕೆಳಗೆ ಇಳಿದರೆ ಯಾರಿಗೆ ತಾನೆ ಹಿತವಾಗುತ್ತದೆ? ಅವರು ಬೇಕೆಂದು ನೋಡುವುದಿಲ್ಲ, ಅಭ್ಯಾಸಬಲ. ನಾನು ಬಟ್ಟೆ ಹೊಲಿಯುವವಳು; ನನಗೂ ಜನರನ್ನು ಕಂಡ ಕೂಡಲೇ ಸೊಂಟದ ಸುತ್ತಳತೆಯೇ ಕಾಣುವುದು. ಆದರೆ ನನ್ನ ಅಳತೆಗೆ ಯಾರೂ ಹೆದರುವುದಿಲ್ಲ, ಈಚೆಗೆ ದಪ್ಪಗಾದವರನ್ನು ಬಿಟ್ಟರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಚರ್ಚಿನ ಹಿಂಗೋಡೆಗೆ ಒತ್ತಿಕೊಂಡು ಅವರ ತಗಡಿನ ಶೆಡ್ಡಿದೆ. ಶೆಡ್ಡಿನೊಳಗೆ ಅವರ ಗರಗಸ, ಕೀಸುಳಿ, ಅಂಟಿನ ಡಬ್ಬ. ಶೆಡ್ಡಿನ ಮುಂದಿನ ಜಗಲಿಯಲ್ಲಿ ನನ್ನ ಹೊಲಿಗೆ ಯಂತ್ರ. ಅವರು ಪೆಟ್ಟಿಗೆ ಕೂಡಿಸಿ ಕೊಟ್ಟರೆ ಒಳಗಿನ ಬಟ್ಟೆ ನನ್ನದು. ಬಿಳಿ ಸ್ಯಾಟಿನ್ನು, ಅಂಚಿಗೆ ಲೇಸು, ತಲೆಗೊಂದು ಸಣ್ಣ ದಿಂಬು. ದಿಂಬಿನೊಳಗೆ ಅದೇ ಹಲಗೆಯನ್ನು ಕೀಸಿದ ಹೊಟ್ಟು ತುಂಬುತ್ತೇನೆ. ಅಕ್ಕ ಇದ್ದಾಗ ನಮ್ಮಿಬ್ಬರಿಗೂ ಚಹಾ ತಂದಿಟ್ಟು, "ನಿಮ್ಮ ಗಿರಾಕಿಗಳಷ್ಟು ಒಳ್ಳೆಯವರು ಯಾರಿಗೂ ಸಿಗಲ್ಲ ನೋಡಿ, ಬಿಗಿ ಆಯ್ತು ಸಡಿಲ ಆಯ್ತು ಅಂತ ಒಬ್ಬರೂ ವಾಪಸ್ ತಂದಿಲ್ಲ," ಎಂದು ನಗುತ್ತಿದ್ದಳು.

ನಮ್ಮ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿಯುಂಟು. ಭಾನುವಾರದ ಆರಾಧನೆಗೆ ಗಂಟೆ ಬಡಬಡನೆ ಹೊಡೆಯುತ್ತದೆ. ಯಾರಾದರೂ ತೀರಿಕೊಂಡರೆ ಒಂದು ಹೊಡೆತ, ಆಮೇಲೆ ಉದ್ದನೆಯ ಬಿಡುವು, ಮತ್ತೆ ಒಂದು ಹೊಡೆತ. ಆ ನಿಧಾನದ ಗಂಟೆ ಕೇಳಿದರೆ ಭಾವ ಕೈಯಲ್ಲಿದ್ದ ಕೆಲಸ ಬಿಟ್ಟು ಪೆಟ್ಟಿಗೆಗೆ ಕೈಹಾಕುತ್ತಾರೆ. ಯಾರೂ ಬಂದು ಹೇಳಬೇಕಾಗಿಲ್ಲ. ಸತ್ತ ಮನೆಯವರು ಬಾಯಿಬಿಟ್ಟು ಪೆಟ್ಟಿಗೆ ಕೇಳುವಂತಾಗಬಾರದು ಎಂದು ಅವರ ತಂದೆ ಹಾಕಿಕೊಟ್ಟ ದಾರಿ ಅದು. ಸಣ್ಣ ಸಭೆ, ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಉದ್ದ ಅಗಲ ಭಾವನ ಕಣ್ಣಿನಲ್ಲಿರುತ್ತದೆ. ದೂರದ ನೆಂಟರು ಬಂದು ಇಳಿಯುವ ಮೊದಲೇ ಪೆಟ್ಟಿಗೆ ತಳ್ಳುಗಾಡಿಯಲ್ಲಿ ಆ ಮನೆಯ ಬಾಗಿಲಿಗೆ ಹೋಗಿರುತ್ತದೆ. ಜನ ಭಾವನಿಗೆ ಹೆದರಿದರೂ ಈ ಒಂದು ಮಾತಿಗೆ ಅವರನ್ನು ಹೊಗಳದವರಿಲ್ಲ.

ಅಕ್ಕ ಸತ್ತಾಗಲೂ ಗಂಟೆ ಹಾಗೇ ಹೊಡೆಯಿತು. ಅವಳ ಪೆಟ್ಟಿಗೆಯನ್ನೂ ಭಾವನೇ ಮಾಡಿದರು. ಬೇರೆ ಊರಿನಿಂದ ತರಿಸೋಣ ಎಂದು ಪಾಸ್ಟರು ಹೇಳಿದ್ದಕ್ಕೆ, "ಬೇರೆಯವರು ಅವಳನ್ನ ನೋಡಿಲ್ಲ," ಎಂದರಂತೆ. ನಾನು ಸ್ಯಾಟಿನ್ನು ಹೊಲಿದೆ. ಹೇಗೆ ಹೊಲಿದೆನೋ, ಸೂಜಿಗೆ ದಾರ ಪೋಣಿಸಿಕೊಟ್ಟವರು ಯಾರೋ, ಇವತ್ತಿಗೂ ನೆನಪಿಲ್ಲ. ಸ್ಮಶಾನದಲ್ಲಿ ಪೆಟ್ಟಿಗೆ ಇಳಿಸಿ, ಸಭೆಯೆಲ್ಲ ಸೇರಿ, ನಾವು ನಂಬುವುದು ಇದನ್ನು ಎಂದು ಒಪ್ಪಿಕೊಳ್ಳುವ ವಿಶ್ವಾಸಪ್ರಮಾಣ ಹೇಳುವಾಗ, ಸತ್ತವರು ಎದ್ದು ಬರುತ್ತಾರೆ ಎನ್ನುವ ಸಾಲು ಬಂತಲ್ಲ, ಅಲ್ಲಿ ಭಾವ ನಿಲ್ಲಿಸಿಬಿಟ್ಟರು. ಮಿಕ್ಕವರು ಹೇಳಿ ಮುಗಿಸುವಷ್ಟರಲ್ಲಿ ಗೇಟಿನ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಿದ್ದರು.

ಅಂದಿನಿಂದ ಭಾನುವಾರ ಚರ್ಚಿಗೆ ಬರುವುದು ನಿಂತಿತು. ಯಾರಾದರೂ ತೀರಿಕೊಂಡರೆ ಪೆಟ್ಟಿಗೆ ತಂದುಕೊಡುತ್ತಾರೆ, ಸ್ಮಶಾನದ ಗೇಟಿನವರೆಗೆ ಬರುತ್ತಾರೆ, ಒಳಗೆ ಕಾಲಿಡುವುದಿಲ್ಲ. ಅಕ್ಕನ ಸಮಾಧಿಯ ಮೇಲೆ ಹುಲ್ಲು ಬೆಳೆಯಿತೋ ಕಲ್ಲು ಬಿತ್ತೋ ನೋಡಿದವರಲ್ಲ. ಒಂದು ದಿನ ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ಪುಟ್ಟಿ," ಎಂದರು. ನನಗೆ ತಲೆ ಅರ್ಧ ನರೆತರೂ ಅವರಿಗೆ ನಾನು ಪುಟ್ಟಿಯೇ. "ನಾನು ಎಷ್ಟೋ ಪೆಟ್ಟಿಗೆ ಕಳಿಸಿದೀನಿ. ಒಂದಾದ್ರೂ ಖಾಲಿಯಾಗಿ ವಾಪಸ್ ಬಂದಿದೆಯಾ ಹೇಳು. ಅವಳು ಏಳ್ತಾಳೆ ಅಂತ ಬಾಯಲ್ಲಿ ಹೇಳಬಹುದು. ಒಳಗಿಂದ ಬರ್ತಿಲ್ಲ. ಸುಳ್ಳು ಹೇಳೋಕೆ ಚರ್ಚಿಗೇ ಹೋಗ್ಬೇಕಾ?"

ಊರಿನವರಿಗೆಲ್ಲ ಉತ್ತರ ಕೊಡುವ ನಾನು ಆಗ ಎದ್ದುಹೋಗಿ ಅವರಿಗೆ ಚಹಾ ಕಾಯಿಸಿ ತಂದೆ.

ಆಮೇಲೆ ಒಂದು ದಿನ ನೋಡುತ್ತೇನೆ, ಶೆಡ್ಡಿನ ಗೋಡೆಗೆ ಹೊಸ ಹಲಗೆಗಳು ಒರಗಿವೆ. ಗಂಟಿಲ್ಲ, ಸೀಳಿಲ್ಲ, ಅಂಥ ಮರವನ್ನು ಆ ಶೆಡ್ಡಿನಲ್ಲಿ ನಾನು ಕಂಡಿರಲಿಲ್ಲ. ಭಾವ ಆಗಲೇ ಅವನ್ನು ಕೀಸಿ ನುಣುಪು ಮಾಡಿ ಒಂದು ಕೈ ಪಾಲಿಶನ್ನೂ ಕೊಟ್ಟಿದ್ದರು.

"ಯಾರಿಗೆ ಭಾವ ಇದು?"

"ನನಗೆ," ಎಂದರು. ಚಹಾಪುಡಿ ಮುಗಿದಿದೆ ಎಂದು ಹೇಳುವಷ್ಟು ಸಲೀಸಾಗಿ. "ಇದೊಂದು ಮಾಡಿಟ್ಟು ಶೆಡ್ಡಿಗೆ ಬೀಗ ಹಾಕಿಬಿಡ್ತೀನಿ. ಸಾಕು."

ನನಗೆ ಕೋಪ ಮೂಗಿನ ಮೇಲೆಯೇ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ಆ ದಿನ ಅದು ನೆತ್ತಿಗೇರಿತು. "ಗುಂಡುಕಲ್ಲಿನ ಹಾಗೆ ಇದೀರ, ನಾಚಿಕೆ ಆಗಲ್ವಾ," ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ ಮನೆಗೆ ಹೋದೆ. ಮನೆಗೆ ಹೋಗಿ ಅತ್ತೆ. ಕೋಪವಲ್ಲ ಅದು, ಭಯ. ಆರೋಗ್ಯವಾಗಿರುವ ಮನುಷ್ಯ ಅರ್ಧ ಊಟ ಬಿಟ್ಟೆದ್ದು, ತನ್ನದೇ ಹಲಗೆಗಳ ಮುಂದೆ ಸ್ಟೂಲು ಹಾಕಿಕೊಂಡು ಕೂರಲು ಶುರುಮಾಡಿದರೆ ಎಷ್ಟು ದಿನ ಬಾಳುತ್ತಾನೆ? ಅಕ್ಕನನ್ನು ಕಳೆದುಕೊಂಡಾಗಿತ್ತು. ಇವರೊಬ್ಬರನ್ನು ಹೇಗಾದರೂ ಉಳಿಸಿಕೊಡು ದೇವರೇ ಎಂದು ಹೊಲಿಗೆ ಯಂತ್ರ ತುಳಿಯುತ್ತಲೇ ಬೇಡಿಕೊಳ್ಳುತ್ತಿದ್ದೆ.

ಪಾಸ್ಟರಿಗೂ ಹೇಳಿದೆ. ಅವರು ಬಂದರು, ಶೆಡ್ಡಿನಲ್ಲಿ ಕುಳಿತು ಒಳ್ಳೊಳ್ಳೆಯ ಮಾತುಗಳನ್ನೇ ಆಡಿದರು. ಭಾವ ತಲೆಯಾಡಿಸುತ್ತ ಕೇಳಿಸಿಕೊಂಡರು. ಕೇಳುತ್ತ ಕೇಳುತ್ತ ಅಭ್ಯಾಸದಂತೆ ಪಾಸ್ಟರನ್ನು ತಲೆಯಿಂದ ಪಾದದವರೆಗೆ ಒಮ್ಮೆ ನೋಡಿದರು, ಅಷ್ಟೇ. ಪಾಸ್ಟರು ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಇನ್ನೊಂದು ಮನೆಗೆ ಹೋಗುವುದಿದೆ ಎಂದು ಎದ್ದುಬಿಟ್ಟರು.

ಇನ್ನು ನರ್ಸಮ್ಮನ ವಿಷಯ. ನಮ್ಮ ಸಭೆಯ ಅರ್ಧ ಜನ ಭೂಮಿಗೆ ಬಂದದ್ದೇ ಆಕೆಯ ಕೈಯೊಳಗೆ. ಭಾವನವರನ್ನೂ ತಲೆಕೆಳಗೆ ಹಿಡಿದು ಬೆನ್ನಿಗೆ ಬಡಿದು ಅಳಿಸಿದವಳು ಆಕೆಯೇ. ಕೆಲಸದಿಂದ ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಎದುರಿಗೆ ಸಿಕ್ಕವರ ಉಗುರು ನೋಡಿ, "ರಕ್ತ ಕಡಿಮೆ ಇದೆ, ಸೊಪ್ಪು ತಿನ್ನು," ಎನ್ನುವುದನ್ನು ಬಿಟ್ಟಿರಲಿಲ್ಲ. ಅಂಥವಳು ಹಾಸಿಗೆ ಹಿಡಿದಳು. ಆಸ್ಪತ್ರೆಯವರು, ಇನ್ನು ಮನೆಯಲ್ಲಿ ಇಟ್ಟುಕೊಂಡು ಚೆನ್ನಾಗಿ ನೋಡಿಕೊಳ್ಳಿ ಎಂದು ಕಳಿಸಿಬಿಟ್ಟರು. ಹಾಗೆಂದರೆ ಏನರ್ಥ ಎಂದು ಚಿಕ್ಕ ಮಗುವಿಗೂ ಗೊತ್ತು. ಅಂದು ಸಂಜೆ ನಾವು ಹೆಂಗಸರೆಲ್ಲ ಹೋಗಿ, ಹಾಸಿಗೆಯ ಸುತ್ತ ನಿಂತು ಒಂದು ಗೀತೆ ಹಾಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದೆವು. ಆಕೆಗೆ ಎಚ್ಚರವೇ ಇದ್ದಂತಿರಲಿಲ್ಲ.

ಮರುದಿನ ಬೆಳಿಗ್ಗೆ ಗಂಟೆ ಹೊಡೆಯಿತು. ಒಂದು ಹೊಡೆತ. ಬಿಡುವು. ಇನ್ನೊಂದು.

ಭಾವ ಒಳಗಿನಿಂದ ನನ್ನನ್ನು ನೋಡಿದರು. "ನರ್ಸಮ್ಮ," ಎಂದರು. ನಾನು ತಲೆಯಾಡಿಸಿ ಸ್ಯಾಟಿನ್ನು ಬಿಚ್ಚಿದೆ.

ಶೆಡ್ಡಿನಲ್ಲಿ ಬೇರೆ ಹಲಗೆ ಇರಲಿಲ್ಲ. ಬೀಗ ಹಾಕುವವರಿಗೆ ಹೊಸ ಮರ ಯಾಕೆ ಎಂದು ತರಿಸುವುದನ್ನೇ ನಿಲ್ಲಿಸಿದ್ದರಲ್ಲ. ಗೋಡೆಗೊರಗಿದ್ದ ಆ ನುಣುಪು ಹಲಗೆಗಳ ಮುಂದೆ ಸ್ವಲ್ಪ ಹೊತ್ತು ನಿಂತರು. ನಾನು ಉಸಿರೆತ್ತಲಿಲ್ಲ, ಜನ್ಮದಲ್ಲಿ ಒಮ್ಮೆ ನಾಲಿಗೆ ಕಚ್ಚಿಕೊಂಡು ಕುಳಿತೆ. ಆಮೇಲೆ ಗರಗಸದ ಸದ್ದು ಕೇಳಿತು. ನರ್ಸಮ್ಮ ಕುಳ್ಳಿ, ಆದರೆ ಹೆಗಲು ಅಗಲ. ಅಂಚು ಕೂಡಿಸಿ, ಸ್ಕ್ರೂ ಬಿಗಿದು, ಹಿಡಿಕೆ ಹಾಕಿ, ಮುಚ್ಚಳ ಕೂರಿಸಿದರು. ನಾನು ಮದುವೆಯ ಗೌನುಗಳಿಗೆಂದು ಎತ್ತಿಟ್ಟಿದ್ದ ಲೇಸನ್ನೇ ಕತ್ತರಿಸಿ ಅಂಚಿಗೆ ಕೊಟ್ಟೆ. ಆಕೆಗೆ ಅಲ್ಲದೆ ಇನ್ಯಾರಿಗೆ?

ತಳ್ಳುಗಾಡಿಯ ಒಂದು ಕಡೆ ಅವರು, ಇನ್ನೊಂದು ಕಡೆ ನಾನು. ಬೀದಿಯಲ್ಲಿ ಜನ ಟೋಪಿ ತೆಗೆದರು. ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಡ್ಡ ಬಿಟ್ಟು ಬಾಗಿಲಿಗೆ ಬಂದ. ತರಕಾರಿಯವನು, "ಯಾರಮ್ಮ?" ಎಂದ. "ನರ್ಸಮ್ಮ," ಎಂದೆ. "ಅಯ್ಯೋ, ಪುಣ್ಯಾತ್ಗಿತ್ತಿ. ನನ್ನ ಮೂರೂ ಮಕ್ಕಳು ಅವರ ಕೈಯಲ್ಲೇ ಹುಟ್ಟಿದ್ದು," ಎಂದು ತಕ್ಕಡಿ ಬಿಟ್ಟು ನಮ್ಮ ಹಿಂದೆ ನಡೆದ. ಅವನ ಹಿಂದೆ ಅವನ ಗಿರಾಕಿಗಳು. ಅವರ ಹಿಂದೆ ಅರ್ಧ ಗಡ್ಡದವನು. ನರ್ಸಮ್ಮನ ಮನೆ ಮುಟ್ಟುವಷ್ಟರಲ್ಲಿ ನಮ್ಮ ಬೆನ್ನ ಹಿಂದೆ ಒಂದು ಸಣ್ಣ ಮೆರವಣಿಗೆಯೇ ಆಗಿತ್ತು.

ಆಕೆಯ ಸೊಸೆ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಸತ್ತ ಮನೆಯಲ್ಲಿ ಬಟ್ಟೆ ಹರವುತ್ತಾಳಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಅವಳು ಪೆಟ್ಟಿಗೆ ನೋಡಿದಳು, ಜನರನ್ನು ನೋಡಿದಳು, ಮುಖ ಬಿಳಿಚಿಕೊಂಡಿತು. ತಾನು ಹೊರಗೆ ಬಂದ ಇಷ್ಟು ಹೊತ್ತಿನಲ್ಲೇ ಅತ್ತೆ ಹೋಗಿಬಿಟ್ಟರು, ತನ್ನನ್ನು ಬಿಟ್ಟು ಊರಿಗೆಲ್ಲ ಗೊತ್ತಾಗಿದೆ ಎಂದುಕೊಂಡಳಂತೆ. ಬಕೆಟ್ಟು ಬಿಸಾಕಿ, "ಅತ್ತೇ..." ಎಂದು ಕೂಗಿಕೊಂಡು ಒಳಗೆ ಓಡಿದಳು. ಒಳಗಿನಿಂದ ಜೋರಾಗಿ ಅಳು ಕೇಳಿತು. ನಮಗೆ ಇದ್ದ ಒಂದಿಷ್ಟು ಅನುಮಾನವೂ ಹೋಯಿತು. ಚಪ್ಪಲಿ ಬಿಟ್ಟು, ಪೆಟ್ಟಿಗೆಯ ತಲೆಯ ಕಡೆ ಭಾವ, ಕಾಲಿನ ಕಡೆ ನಾನು ಮತ್ತು ತರಕಾರಿಯವನು ಹಿಡಿದು, ತಲೆ ತಗ್ಗಿಸಿ ಕೋಣೆಯೊಳಗೆ ಹೋದೆವು.

ನರ್ಸಮ್ಮ ದಿಂಬಿಗೆ ಒರಗಿ ಕುಳಿತು ಹಾಲಿನಲ್ಲಿ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದಳು. ಸೊಸೆ ಆಕೆಯ ಕೊರಳಿಗೆ ಜೋತುಬಿದ್ದು ಅಳುತ್ತಿದ್ದಳು. "ಬಿಡೇ, ಹಾಲು ಚೆಲ್ಲುತ್ತೆ," ಎನ್ನುತ್ತಿದ್ದಳು ನರ್ಸಮ್ಮ.

ನಾವು ನಿಂತಲ್ಲೇ ಕಲ್ಲಾದೆವು. ಆಕೆ ಚಮಚ ಎತ್ತಿ ಹಿಡಿದುಕೊಂಡೇ ನಮ್ಮನ್ನು ನೋಡಿದಳು. ಪೆಟ್ಟಿಗೆ ನೋಡಿದಳು. ಬಾಗಿಲಲ್ಲಿ ಇಣುಕುತ್ತಿದ್ದ ಅರ್ಧ ಗಡ್ಡವನ್ನೂ ನೋಡಿದಳು.

"ಯಾರಿಗಪ್ಪಾ ಇದು?"

ಭಾವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಕೊನೆಗೆ ನಾನೇ, ತಪ್ಪೆಲ್ಲ ಆಕೆಯದೇ ಎನ್ನುವಂತೆ, "ಗಂಟೆ ಹೊಡೀತಲ್ಲ ನರ್ಸಮ್ಮ," ಎಂದೆ.

"ಹೊಡೆದ್ರೆ ನಾನೇನು ಮಾಡ್ಲಿ?"

ಅಷ್ಟರಲ್ಲಿ ಗಂಟೆ ತಾತ ಏದುಸಿರು ಬಿಡುತ್ತ ಓಡಿಬಂದ. ಚರ್ಚಿನ ಗಂಟೆ ಹೊಡೆಯುವ ಮುದುಕ ಅವನು. ಹಳೆಯ ಹಗ್ಗ ಸವೆದಿತ್ತಂತೆ, ಹೊಸದು ಹಾಕಿ ಎಳೆದು ನೋಡುತ್ತಿದ್ದನಂತೆ. ಹೊಸ ಹಗ್ಗ ಬಿರುಸು, ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಸಲ ಎಳೆದರೆ ಬಿಡಿಸಿಕೊಂಡು ಇನ್ನೊಮ್ಮೆ ಎಳೆಯುವಷ್ಟರಲ್ಲಿ ಹೊತ್ತಾಗುತ್ತದೆ. ಗೋಪುರದ ಮೇಲಿನಿಂದ ನಮ್ಮ ಗಾಡಿ, ಹಿಂದಿನ ಜನ ಎಲ್ಲ ಕಂಡಾಗಲೇ ತಾನೇನು ಮಾಡಿದೆ ಎಂದು ಅವನಿಗೆ ತಿಳಿದದ್ದು.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎನ್ನುವ ಗಾದೆ ಎಲ್ಲರಿಗೂ ಗೊತ್ತು. ಮುದುಕಿ ಸಾಯುವ ಮೊದಲೇ ದಿಂಬು ಹೊಲಿದವಳು ಮಾತ್ರ ನಾನೊಬ್ಬಳೇ ಇರಬೇಕು.

"ಕ್ಷಮಿಸಿ ಅಮ್ಮ," ಎಂದರು ಭಾವ. ಮುಖದಲ್ಲಿ ರಕ್ತವಿರಲಿಲ್ಲ. "ತಗೊಂಡು ಹೋಗ್ತೀನಿ."

"ನಿಲ್ಲು. ನನ್ನ ಹೆಸರಲ್ಲಿ ಬಂದಿರೋದು, ನೋಡದೆ ಕಳಿಸ್ಲಾ? ಮುಚ್ಚಳ ತೆಗಿ."

ತೆಗೆದರು. ಆಕೆ ಬಗ್ಗಿ ಸ್ಯಾಟಿನ್ನು ಮುಟ್ಟಿ ನೋಡಿದಳು. "ಲೇಸು ಚೆನ್ನಾಗಿದೆ. ದಿಂಬು ತೆಳು ಆಯ್ತು ಕಣೆ, ನನಗೆ ಎತ್ತರದ ದಿಂಬು ಬೇಕು," ಎಂದು ನನಗೆ ಹೇಳಿ, ಹಲಗೆಯ ಮೇಲೆ ಬೆರಳು ಓಡಿಸಿದಳು. "ಇಷ್ಟು ಒಳ್ಳೆ ಮರ ನನಗ್ಯಾಕೆ ಹಾಕ್ದೆ?"

ಭಾವ ಮುಚ್ಚಳದ ಅಂಚು ಒರೆಸತೊಡಗಿದರು. ನನ್ನ ಬಾಯಲ್ಲಿ ಮಾತು ನಿಲ್ಲುತ್ತದೆಯೇ? "ಅವರಿಗೆ ಅಂತ ಇಟ್ಟುಕೊಂಡಿದ್ದ ಹಲಗೆ ನರ್ಸಮ್ಮ. ಇದೊಂದು ಮಾಡಿ ಶೆಡ್ಡಿಗೆ ಬೀಗ ಹಾಕ್ತಾರಂತೆ," ಎಂದೆ. ಭಾವ ನನ್ನನ್ನು ನುಂಗುವಂತೆ ನೋಡಿದರು. ನಾನು ತರಕಾರಿಯವನ ಹಿಂದೆ ಸರಿದೆ.

ನರ್ಸಮ್ಮ ಚಮಚ ಕೆಳಗಿಟ್ಟಳು. ಊರನ್ನೆಲ್ಲ ಅಳೆಯುವ ಭಾವನನ್ನು ಆಕೆ ತಲೆಯಿಂದ ಪಾದದವರೆಗೆ ಅಳೆದಳು. "ಇಲ್ಲಿ ಬಾ. ನಾಲಿಗೆ ತೋರಿಸು."

ತೋರಿಸಿದರು. ಕಣ್ಣಿನ ರೆಪ್ಪೆ ಎಳೆದು ನೋಡಿದಳು, ನಾಡಿ ಹಿಡಿದಳು, ಉಗುರು ಒತ್ತಿದಳು.

"ನಿನಗೇನೂ ಆಗಿಲ್ಲ. ನನ್ನಷ್ಟಾಗೋ ತನಕ ಬದುಕ್ತೀಯ, ಬೇಕಾದ್ರೆ ಬರೆದುಕೊಡ್ತೀನಿ. ಈ ಪೆಟ್ಟಿಗೆ ಇಲ್ಲೇ ಇರ್ಲಿ. ಕಂಬಳಿ ಇಡೋಕೆ ಜಾಗ ಇಲ್ಲ ಅಂತ ಸೊಸೆ ದಿನಾ ಗೊಣಗ್ತಾಳೆ." ಸೊಸೆ ಅಳು ನಿಲ್ಲಿಸಿ ಹೌದೆಂದು ತಲೆಯಾಡಿಸಿದಳು. "ಆದ್ರೆ ಒಂದು ಮಾತು. ಮರಕ್ಕೆ ಹುಳ ಬಿದ್ರೆ ನೀನೇ ಜವಾಬ್ದಾರಿ. ಭಾನುವಾರ ಭಾನುವಾರ ಬಂದು ನೋಡಿಕೊಂಡು ಹೋಗ್ಬೇಕು. ಬರೋವಾಗ ಚರ್ಚಿಗೆ ಹೋಗಿ, ಪಾಸ್ಟರ ಪ್ರಸಂಗ ಪೂರ್ತಿ ಕೇಳಿಸ್ಕೊಂಡು ಬಂದು ನನಗೆ ಹೇಳ್ಬೇಕು. ನನಗೆ ಅಲ್ಲಿ ತನಕ ಬರೋಕಾಗಲ್ಲ. ಇವಳನ್ನ ಕೇಳಿದ್ರೆ, ಪ್ರಸಂಗದ ಹೊತ್ತಿಗೆ ನಿದ್ದೆ ಹೊಡೀತಾಳೆ."

"ಅಮ್ಮ, ನಾನು ಚರ್ಚಿಗೆ..."

"ನಿನ್ನ ನಂಬಿಕೆ ಕೇಳ್ದೆನಾ? ಪ್ರಸಂಗ ಕೇಳ್ದೆ."

ಖಾಲಿ ಗಾಡಿ ತಳ್ಳಿಕೊಂಡು ವಾಪಸಾದೆವು. ಅರ್ಧ ದಾರಿಯಲ್ಲಿ ಭಾವ ಗಾಡಿ ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡು ನಾನು ಉತ್ತರ ಸಿದ್ಧಮಾಡಿಕೊಂಡೆ. ನೋಡಿದರೆ ಅವರ ಹೆಗಲು ಕುಲುಕುತ್ತಿತ್ತು. "ಹೊಡೆದ್ರೆ ನಾನೇನು ಮಾಡ್ಲಿ ಅಂದ್ರಲ್ಲ, ಪುಟ್ಟಿ," ಎಂದು ಗಾಡಿಯ ಹಿಡಿಕೆಗೆ ಹಣೆಯಿಟ್ಟು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಕ್ಕ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ನಡುಬೀದಿಯಲ್ಲಿ ನಾನೂ ನಕ್ಕೆ, ನಮ್ಮಿಬ್ಬರಿಗೂ ತಲೆಕೆಟ್ಟಿದೆ ಎಂದು ಜನ ಸುತ್ತಿಕೊಂಡು ಹೋದರು.

ಭಾನುವಾರ ಬಂತು. ಭಾವ ಚರ್ಚಿನ ಕೊನೆಯ ಬೆಂಚಿನಲ್ಲಿ ಕುಳಿತರು. ಆ ಬೆಂಚಿನವರೆಲ್ಲ ಮೆಲ್ಲಗೆ ಇನ್ನೊಂದು ತುದಿಗೆ ಜರುಗಿದರು. ಪ್ರಸಂಗ ಮುಗಿಸಿಕೊಂಡು ಹೋಗಿ ನರ್ಸಮ್ಮನಿಗೆ ವರದಿ ಒಪ್ಪಿಸಿದರೆ, "ಅಷ್ಟೇನಾ? ಅಷ್ಟು ಹೊತ್ತು ಮಾತಾಡಿ ಇಷ್ಟೇ ಹೇಳಿದ್ರಾ?" ಎಂದು ಅಡ್ಡಪ್ರಶ್ನೆ. ಉತ್ತರ ಗೊತ್ತಿಲ್ಲದೆ ಭಾವ ಪಾಸ್ಟರ ಮನೆಗೆ ಹೋಗಿ ಕೇಳಬೇಕಾಯಿತು. ಮುಂದಿನ ವಾರ ಸರಿಯಾಗಿ ಕೇಳಿಸಲೆಂದು ನಡುವಿನ ಬೆಂಚಿಗೆ ಬಂದರು, ಅದರ ಮುಂದಿನ ವಾರ ಮುಂದಿನ ಬೆಂಚಿಗೆ. ಶವಪೆಟ್ಟಿಗೆಯವರು ಎದುರಿಗೇ ಕುಳಿತು ಕಣ್ಣು ಕೀಳದೆ ನೋಡತೊಡಗಿದ ಮೇಲೆ ಪಾಸ್ಟರ ಪ್ರಸಂಗವೂ ಬಹಳ ಸುಧಾರಿಸಿತು. ಸುತ್ತಿ ಬಳಸಿ ಮಾತಾಡುವುದು ಬಿಟ್ಟರು.

ಒಂದು ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಖಾಲಿ ಪೆಟ್ಟಿಗೆ ಒಂದೂ ವಾಪಸ್ ಬರಲಿಲ್ಲ ಎಂಬ ತಮ್ಮ ಮಾತನ್ನು ಭಾವ ನರ್ಸಮ್ಮನ ಮುಂದೆಯೂ ಇಟ್ಟರು. ಆಕೆ ಹಾಲಿನ ಲೋಟ ಪಕ್ಕಕ್ಕಿಟ್ಟಳು.

"ನೀನು ಹುಟ್ಟಿದ್ದು ಕಷ್ಟದಲ್ಲಿ," ಎಂದಳು ಆಮೇಲೆ. "ಎಷ್ಟು ಅತ್ತೆ ಗೊತ್ತಾ. ಬೆಚ್ಚಗಿದ್ದ ಜಾಗ ಬಿಡಿಸಿ ಎಲ್ಲಿಗೋ ತಳ್ಳಿಬಿಟ್ರು ಅಂತ ನಿನಗೆ. ನಾನು ಇಲ್ಲಿ ಎರಡೂ ಕೈ ಚಾಚಿಕೊಂಡು ಕೂತಿದ್ದೆ, ನಿಮ್ಮಮ್ಮ ಕಾಯ್ತಿದ್ದಳು, ಅದು ನಿನಗೆ ಹೇಗೆ ಗೊತ್ತಾಗ್ಬೇಕು? ನೀನು ಯಾವಾಗ್ಲೂ ಕಳಿಸೋ ಬಾಗಿಲಲ್ಲಿ ನಿಂತೋನು ಕಣಪ್ಪ. ನಾನು ಬರಮಾಡಿಕೊಳ್ಳೋ ಬಾಗಿಲಲ್ಲಿ ನಿಂತೋಳು. ನನ್ನ ಕೆಲಸ ಮಾಡಿದೋರಿಗೆ, ಆ ಕಡೆ ಯಾರೂ ಕೈ ಚಾಚಿಲ್ಲ ಅಂದ್ರೆ ನಂಬೋಕಾಗಲ್ಲ. ಯೇಸು ಅಲ್ಲಿ ಕೂತಿದಾನೆ ಅಂತ ನನಗೆ ಧೈರ್ಯ. ನಿನ್ನ ಹೆಂಡತೀನೂ ಬರಿ ನೆಲಕ್ಕೆ ಬಿದ್ದಿಲ್ಲ."

ಭಾವ ಪೆಟ್ಟಿಗೆಯ ಮೂಲೆಗೆ ಹುಳ ಬಿದ್ದಿದೆಯೇ ಎಂದು ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು.

ಆಕೆ ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಸಭೆಯವರು ಆರಾಧನೆಯಾದ ಮೇಲೆ ಕಾಯಿಲೆಯವರ ಮನೆಗಳಿಗೆ ಹೋಗಿ ಹಾಡಿ ಪ್ರಾರ್ಥನೆ ಮಾಡಿ ಬರುವುದುಂಟು. ಭಾವನೂ ಜೊತೆಗೆ ಹೋಗಲಿ ಎಂದು ನರ್ಸಮ್ಮನ ಅಪ್ಪಣೆಯಾಯಿತು. ನಾವೆಲ್ಲ ಬೆಚ್ಚಿದೆವು, ಆದರೆ ಆಕೆಯ ಮಾತಿಗೆ ಎದುರಾಡುವವರು ಯಾರು? ಮೊದಲ ಮನೆ ಬಸ್ ಡ್ರೈವರಿನದು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದವನು ಭಾವನನ್ನು ಕಂಡು ಗೋಡೆಯ ಕಡೆಗೆ ಸರಿದು, "ಅಣ್ಣಾ, ನನಗೆ ಕಾಲು ಮಾತ್ರ ಮುರಿದಿರೋದು," ಎಂದ.

ಭಾವನ ಕಣ್ಣು ಆಗಲೇ ಅವನ ಪಾದದವರೆಗೆ ಹೋಗಿತ್ತು. ಅಲ್ಲಿಂದ ಮತ್ತೆ ಮೇಲೆ ಬಂದು ಕಂಕುಳ ಹತ್ತಿರ ನಿಂತಿತು. "ಗೊತ್ತು," ಎಂದರು. "ಊರುಗೋಲಿಗೆ ಅಳತೆ ನೋಡ್ದೆ."

ಆ ವಾರವೇ ಊರುಗೋಲು ಮಾಡಿಕೊಟ್ಟರು, ಕಂಕುಳ ಕೆಳಗಿನ ಮೆತ್ತೆ ನಾನು ಹೊಲಿದೆ. ಆಮೇಲೆ ಬೆನ್ನುನೋವಿನ ಅಜ್ಜನಿಗೆ ಒರಗುಹಲಗೆ ಆಯಿತು, ಎದ್ದು ನಿಲ್ಲಲಾರದ ಹುಡುಗಿಗೆ ಹಿಡಿದುಕೊಂಡು ನಡೆಯುವ ಚೌಕಟ್ಟಾಯಿತು. ಶೆಡ್ಡಿಗೆ ಹೊಸ ಹಲಗೆ ಬಂತು. ಬೀಗದ ಮಾತು ನಿಂತಿತು. ಭಾವ ಬಂದು ತಲೆಯಿಂದ ಪಾದದವರೆಗೆ ನೋಡಿಹೋದರೆ ಕಾಯಿಲೆಯವರು ಎದ್ದು ಓಡಾಡುತ್ತಾರೆ ಎಂಬ ಸುದ್ದಿ ಹಬ್ಬಿ, ಜನರೇ ಕರೆಕಳಿಸತೊಡಗಿದರು. ಕಾಲ ಹೇಗೆ ತಿರುಗುತ್ತದೆ ನೋಡಿ.

ಎಲ್ಲ ಸರಿಹೋಯಿತು ಎಂದು ಪಾಸ್ಟರು ಸಂತೋಷಪಟ್ಟರು. ಆದರೆ ಆರಾಧನೆಯಲ್ಲಿ ನಾನು ನಿಲ್ಲುವುದು ಭಾವನ ಹಿಂದಿನ ಬೆಂಚಿನಲ್ಲಿ, ನನ್ನ ಕಿವಿ ಚುರುಕು. ವಿಶ್ವಾಸಪ್ರಮಾಣದ ಆ ಒಂದು ಸಾಲು ಬಂದಾಗ ಅವರ ದನಿ ಇನ್ನೂ ಕೇಳುತ್ತಿರಲಿಲ್ಲ. ಸ್ಮಶಾನದ ಗೇಟು ದಾಟಿ ಅವರು ಇನ್ನೂ ಒಳಗೆ ಬಂದಿರಲಿಲ್ಲ. ನಾನು ಕೇಳಲೂ ಇಲ್ಲ. ಕೆಲವನ್ನು ಬಾಯಿ ಹಾಕಿ ಕೆಡಿಸಬಾರದು ಎಂಬಷ್ಟು ಬುದ್ಧಿ ನನಗೂ ಇದೆ.

ನರ್ಸಮ್ಮ ಆಸ್ಪತ್ರೆಯವರ ಲೆಕ್ಕವನ್ನೆಲ್ಲ ಸುಳ್ಳುಮಾಡಿ ಬಹಳ ಕಾಲ ಇದ್ದಳು. ಒಂದು ಬೆಳಿಗ್ಗೆ, ಹಾಲಿಗೆ ಸಕ್ಕರೆ ಕಡಿಮೆಯಾಯಿತು ಎಂದು ಸೊಸೆಯನ್ನು ಬೈದು, ಕುಡಿದು ಮಲಗಿದವಳು ಹಾಗೇ ಹೋದಳು. ಗಂಟೆ ಹೊಡೆಯಿತು. ಭಾವ ಉಳಿ ಕೆಳಗಿಟ್ಟು, ಮೊದಲು ಚರ್ಚಿಗೆ ಹೋಗಿ ಹಗ್ಗ ನೋಡಿಬಂದರು. ಗಂಟೆ ತಾತ ಅಳುತ್ತ ನಿಂತಿದ್ದನಂತೆ. ಈ ಸಲ ನಿಜ.

ಮಾಡುವುದೇನೂ ಇರಲಿಲ್ಲ. ಹೋಗಿ ಪೆಟ್ಟಿಗೆಯೊಳಗಿನ ಕಂಬಳಿಗಳನ್ನು ಒಂದೊಂದಾಗಿ ತೆಗೆದು ಮಡಿಸಿಟ್ಟರು. ನಾನು ಎತ್ತರದ ದಿಂಬು ಹೊಲಿದು ತಂದಿದ್ದೆ. ತಲೆಯ ಕೆಳಗೆ ಇಡುವಾಗ, 'ಈಗ ಸರಿಯಾಯ್ತಾ ನರ್ಸಮ್ಮ' ಎಂದು ಕೇಳಿದೆ. ಸೊಸೆ ಅಳುತ್ತಲೇ ನಕ್ಕಳು.

ಪೆಟ್ಟಿಗೆಯ ಒಂದು ಮೂಲೆಗೆ ಭಾವ ಹೆಗಲು ಕೊಟ್ಟರು. ಸ್ಮಶಾನದ ಗೇಟು ಬಂತು. ಅವರು ನಿಂತರು. ಹಿಂದೆ ಹೊತ್ತಿದ್ದ ಡ್ರೈವರು ಮುಗ್ಗರಿಸಿದ, ಪೆಟ್ಟಿಗೆ ವಾಲಿತು. ಒಳಗೆ ನಿಂತಿದ್ದ ಪಾಸ್ಟರು ತಿರುಗಿ ನೋಡಿದರು. ಹೆಗಲು ಬದಲಾಯಿಸಿ ಯಾರಿಗಾದರೂ ಕೊಟ್ಟುಬಿಡುತ್ತಾರೆ ಎಂದುಕೊಂಡೆ. ಭಾವ ಹೆಗಲ ಮೇಲಿನ ಭಾರವನ್ನು ಸರಿಮಾಡಿಕೊಂಡರು, ಒಳಗೆ ನಡೆದರು.

ಇಳಿಸಿದ್ದಾಯಿತು. ಮಣ್ಣು ಹಾಕಿದ್ದಾಯಿತು. ಪಾಸ್ಟರು ವಿಶ್ವಾಸಪ್ರಮಾಣ ಎತ್ತಿದರು, ಸಭೆ ಹಿಂದಿನಿಂದ ಸೇರಿತು. ಆ ಸಾಲು ಹತ್ತಿರ ಬಂದಂತೆ ನಾನು ಕಣ್ಣು ಮುಚ್ಚಿಕೊಂಡೆ. ಎಲ್ಲರಿಗಿಂತ ಮೊದಲು, ತಾಳ ತಪ್ಪಿ, ಒರಟಾದ ಒಂಟಿ ದನಿಯೊಂದು ಅದನ್ನು ಹೇಳಿತು. ಬಹಳ ದಿನ ಬಳಸದ ಬಾಗಿಲು ತೆರೆದ ಹಾಗೆ ಕಿರುಗುಟ್ಟುವ ದನಿ. ಪಾಸ್ಟರು ಅರ್ಧಕ್ಕೆ ನಿಲ್ಲಿಸಿದರು. ಇಡೀ ಸಭೆ ಭಾವನ ಹಿಂದೆ ಹೇಳಿತು.

ಜನ ಹೊರಟ ಮೇಲೆ ಭಾವ ಅಕ್ಕನ ಸಮಾಧಿ ಹುಡುಕಿದರು. ನಾನು ಕೈತೋರಿಸಿದೆ. ಹೋಗಿ ಮಂಡಿಯೂರಿ, ಕಲ್ಲಿನ ಮೇಲಿನ ಮಣ್ಣನ್ನು ಅಂಗೈಯಿಂದ ಒರೆಸಿದರು. ಅಡುಗೆಮನೆಯಲ್ಲಿರುವವಳಿಗೆ ಹಜಾರದಿಂದ ಹೇಳುವ ಹಾಗೆ ಹೇಳಿದರು: "ತಡವಾಯ್ತು ಕಣೆ ಬರೋದು. ಕೇಳಿಸ್ಕೋ. ಅವತ್ತು ಎದ್ದಾಗ ನನ್ನನ್ನೂ ಎಬ್ಬಿಸು. ನನ್ನ ನಿದ್ದೆ ಎಂಥದ್ದು ಅಂತ ನಿನಗೆ ಗೊತ್ತಲ್ಲ."

ನಾನು ಪಕ್ಕದಲ್ಲಿ ಕುಸಿದು ಕುಳಿತೆ. ಅಳು ಉಕ್ಕಿ ಬರುತ್ತಿತ್ತು. "ನನ್ನನ್ನ ಯಾರು ಎಬ್ಬಿಸ್ತಾರೆ ಭಾವ?" ಎಂದೆ.

ಭಾವ ಕೈಯ ಮಣ್ಣು ಕೊಡವಿಕೊಂಡರು. "ನಿನ್ನನ್ನ ಯಾರೂ ಎಬ್ಬಿಸೋದು ಬೇಡ ಪುಟ್ಟಿ. ನಿನ್ನ ಬಾಯಿಗೆ ಮಿಕ್ಕವರೆಲ್ಲ ಎದ್ದುಬಿಡ್ತಾರೆ."

ಅಳುತ್ತಿದ್ದವಳು ನಕ್ಕುಬಿಟ್ಟೆ. ಇಬ್ಬರೂ ಅಲ್ಲೇ ಕುಳಿತು, ಅಕ್ಕನ ಸುತ್ತ ಬೆಳೆದಿದ್ದ ಹುಲ್ಲನ್ನು ಕಿತ್ತು ಹಸನು ಮಾಡಿದೆವು.